ಮಾತು ಬರಬೇಕು, ಹಾಡು ಬರಬಾರದು

ಎದೆಯ ಆಪರೇಷನ್ ಆದವರನ್ನು ಎಬ್ಬಿಸಿ ನಡೆಸುವುದು ನನ್ನ ಕೆಲಸವಾಗಿತ್ತು. ಏನು ಕೆಲಸ ಎಂದು ಕೇಳಿದವರಿಗೆ ನಾನು ಇಷ್ಟೇ ಹೇಳುತ್ತಿದ್ದೆ. ಅದಕ್ಕಿಂತ ದೊಡ್ಡ ಹೆಸರು ಆ ಕೆಲಸಕ್ಕೆ ಇದೆ, ಆದರೆ ಅದನ್ನು ಹೇಳಿದರೆ ಮತ್ತೆ ವಿವರಿಸಬೇಕಾಗುತ್ತಿತ್ತು. ಪಿಯುಸಿ ಮುಗಿಸಿ, ಫಿಸಿಯೊಥೆರಪಿ ಸಹಾಯಕಿಯ ಸಣ್ಣದೊಂದು ತರಬೇತಿ ಪಡೆದು, ಜಯನಗರದ ಒಂದು ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಸೇರಿದವಳು ನಾನು. ತೊಂಬತ್ತರ ದಶಕದ ಆರಂಭದಲ್ಲಿ ಅಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಶುರುವಾದಾಗ ನನ್ನನ್ನು ಅಲ್ಲಿಗೆ ಕಳಿಸಿದರು. ರೋಗಿಗಳು ನನ್ನನ್ನು ಏನೆಂದು ಕರೆಯುವುದೋ ತಿಳಿಯದೆ ‘ವಾಕಿಂಗ್ ಸಿಸ್ಟರ್’ ಎಂದರು. ನಿವೃತ್ತಿಯ ದಿನದವರೆಗೂ ಅದೇ ನನ್ನ ಹೆಸರಾಗಿತ್ತು.

ಹೋದ ತಿಂಗಳು ವಿಭಾಗದ ಇಬ್ಬರು ಹುಡುಗಿಯರು ಬನಶಂಕರಿಯ ನಮ್ಮ ಮನೆಗೆ ಬಂದಿದ್ದರು. ನಮ್ಮ ಯಜಮಾನರು ತೀರಿಕೊಂಡಾಗ ಬರಲಾಗಲಿಲ್ಲವೆಂದು ಹಣ್ಣು ತಂದಿದ್ದರು. ಕಾಫಿ ಕುಡಿದು ಹೊರಡುವಾಗ ಒಬ್ಬಳು, “ಮೇಡಂ, ಹೊಸಬರು ಸೇರಿದಾರೆ. ನೀವು ಹೇಳ್ತಿದ್ರಲ್ಲ, ಅದೆಲ್ಲ ಬರೆದುಕೊಡಿ. ಪುಸ್ತಕದಲ್ಲಿ ಇಲ್ಲದ್ದು” ಎಂದಳು. ಬರೆಯಲು ಕೂತಾಗ ಬೇರೆ ರೋಗಿಗಳ ಜೊತೆ ಯಜಮಾನರೂ ಬಂದು ಸೇರಿಕೊಳ್ಳುತ್ತಿದ್ದಾರೆ. ಅವರೂ ನಮ್ಮ ವಿಭಾಗದ ರೋಗಿಯಾಗಿದ್ದವರೇ. ನಾನು ಕಂಡ ಎಲ್ಲ ರೋಗಿಗಳಲ್ಲಿ ಅವರನ್ನು ಮನೆಯ ಗೇಟು ದಾಟಿಸುವುದೇ ನನಗೆ ಅತಿ ಕಷ್ಟವಾಗಿತ್ತು. ಅದನ್ನು ಬಿಟ್ಟು ಬರೆದರೆ ಮಿಕ್ಕದ್ದು ಸುಳ್ಳಾಗುತ್ತದೆ. ಹಾಗಾಗಿ ಬಿಡುವುದಿಲ್ಲ.

ಮೊದಲು ಆಸ್ಪತ್ರೆಯ ಮಾತು.

ನಾನು ಹೋದ ಹೊಸದರಲ್ಲಿ ಹೃದಯದ ರೋಗಿ ಎಂದರೆ ಅಲ್ಲಾಡಬಾರದ ಮನುಷ್ಯ ಎಂದೇ ಎಲ್ಲರ ನಂಬಿಕೆ. ನಮ್ಮ ದೊಡ್ಡ ಡಾಕ್ಟರು ಬೈಪಾಸ್ ಆದ ಮಾರನೆಯ ದಿನವೇ ಕೂರಿಸಿ, ಆಮೇಲೆ ನಿಲ್ಲಿಸಿ, ಆಮೇಲೆ ನಡೆಸಿ ಎನ್ನುತ್ತಿದ್ದರು. ಅವರು ಹೇಳಿ ಮುಂದಿನ ವಾರ್ಡಿಗೆ ಹೋಗಿಬಿಡುತ್ತಿದ್ದರು. ಮನೆಯವರ ಕೈಗೆ ಸಿಗುತ್ತಿದ್ದವಳು ನಾನು. “ಏನ್ರೀ ಇದು, ನಿನ್ನೆ ಎದೆ ಕೊಯ್ದು ಇವತ್ತು ನಡಿ ಅಂತೀರಲ್ಲ, ಕರುಣೆ ಇಲ್ವಾ ನಿಮಗೆ?” ಎಂದು ಅತ್ತ ಹೆಂಗಸರಿದ್ದರು. ನಾನು ಮಂಚದ ಪಕ್ಕ ನಿಂತು ರೋಗಿಯ ಕೈಗೆ ದಿಂಬು ಕೊಡುತ್ತಿದ್ದೆ. ಕೆಮ್ಮು ಬಂದರೆ ಅದನ್ನು ಎದೆಗೆ ಅಪ್ಪಿಕೊಂಡು ಕೆಮ್ಮಬೇಕು. ಸೀಳಿದ ಎದೆಮೂಳೆಯನ್ನು ತಂತಿ ಹಾಕಿ ಬಿಗಿದಿರುತ್ತಾರೆ. ಅದು ಕೂಡುವವರೆಗೆ ಕೈಯೂರಿ ಏಳಬಾರದು, ಭಾರ ಎತ್ತಬಾರದು.

ಇನ್ನೊಂದು, ಮೂರು ಚೆಂಡುಗಳಿರುವ ಪ್ಲಾಸ್ಟಿಕ್ ಡಬ್ಬಿ. ಅದರ ಕೊಳವೆಯಿಂದ ಉಸಿರನ್ನು ಒಳಗೆ ಎಳೆದರೆ ಚೆಂಡು ಮೇಲೇಳುತ್ತದೆ, ಶ್ವಾಸಕೋಶ ಅರಳುತ್ತದೆ. ಆದರೆ ಅದನ್ನು ಇಡೀ ಆಸ್ಪತ್ರೆ ಕರೆಯುತ್ತಿದ್ದದ್ದು ‘ಊದೋ ಬಾಲು’ ಎಂದು. ಆಯಾಗಳು, ನರ್ಸುಗಳು, ಪಕ್ಕದ ಮಂಚದವರು ಎಲ್ಲರೂ “ಊದಿ ಸಾರ್, ಊದಿ” ಎಂದು ಹುರಿದುಂಬಿಸುತ್ತಿದ್ದರು. ರೋಗಿ ಪಾಪ ಕೆನ್ನೆ ಉಬ್ಬಿಸಿ ಊದುತ್ತಿದ್ದ. ಚೆಂಡು ಕದಲುತ್ತಿರಲಿಲ್ಲ. “ನನಗೆ ಶಕ್ತಿ ಹೋಗ್ಬಿಟ್ಟಿದೆ ಸಿಸ್ಟರ್” ಎಂದು ಕಣ್ಣೀರು ಹಾಕುತ್ತಿದ್ದ. ಹೋಗಿದ್ದದ್ದು ಶಕ್ತಿಯಲ್ಲ, ಕ್ರಿಯಾಪದ ತಪ್ಪಿತ್ತು ಅಷ್ಟೆ. ಒಂದು ದಿನ ಆಸ್ಪತ್ರೆಯ ಮುಂದೆ ಎಳನೀರು ಕುಡಿಯುವಾಗ ನನಗೆ ಹೊಳೆಯಿತು. ಅಂದಿನಿಂದ “ಎಳನೀರು ಸ್ಟ್ರಾದಲ್ಲಿ ಕುಡಿಯೋ ಹಾಗೆ ಎಳೀರಿ” ಎನ್ನತೊಡಗಿದೆ. ಚೆಂಡು ಟಪ್ಪನೆ ಏಳುತ್ತಿತ್ತು. ಹೊಸಬರೇ, ನಿಮ್ಮ ಬಾಯಲ್ಲಿ ‘ಊದಿ’ ಎಂಬ ಮಾತು ಬರದ ಹಾಗೆ ನೋಡಿಕೊಳ್ಳಿ.

ನಮ್ಮ ಮುಖ್ಯಸ್ಥೆ ಪದ್ಮಿನಿ ಮೇಡಂ. ಬಸವನಗುಡಿಯವರು, ಇಸ್ತ್ರಿ ಮಾಡಿದ ಕಾಟನ್ ಸೀರೆ, ಕೈಗೆ ಗಂಡಸರ ಗಡಿಯಾರ. ತಡವಾಗಿ ಬಂದವರನ್ನು ಬೈಯುತ್ತಿರಲಿಲ್ಲ, ಗಡಿಯಾರ ನೋಡಿಕೊಳ್ಳುತ್ತಿದ್ದರು. ಅದು ಬೈಗುಳಕ್ಕಿಂತ ಹೆಚ್ಚು. ಎಷ್ಟು ಜೋರಾಗಿ ನಡೆಯಬೇಕೆಂದು ರೋಗಿಗೆ ಹೇಳುವುದು ಆಗ ದೊಡ್ಡ ಸಮಸ್ಯೆ. ನಾಡಿ ನೋಡಿಕೊಳ್ಳಿ ಎಂದರೆ ಕೆಲವರಿಗೆ ನಾಡಿಯೇ ಸಿಗುತ್ತಿರಲಿಲ್ಲ, ಸಿಕ್ಕವರು ದಿನವಿಡೀ ಹಿಡಿದುಕೊಂಡೇ ಕೂರುತ್ತಿದ್ದರು. ಅದಕ್ಕೆ ಮೇಡಂ ಒಂದೇ ಸಾಲು ಮಾಡಿದ್ದರು: “ನಡೀವಾಗ ಮಾತು ಬರಬೇಕು, ಹಾಡು ಬರಬಾರದು.” ಮಾತಾಡಲಾಗದಷ್ಟು ಏದುಸಿರು ಬಂದರೆ ಅದು ಅತಿಯಾಯಿತು. ಆರಾಮವಾಗಿ ಹಾಡಲು ಬಂದರೆ ನಡಿಗೆ ಸಾಲದು ಎಂದರ್ಥ. ಯಂತ್ರ ಬೇಡ, ಗಡಿಯಾರ ಬೇಡ. ಕಾರಿಡಾರಿನಲ್ಲಿ ರೋಗಿಯ ಪಕ್ಕ ನಡೆಯುತ್ತ ನಾವು ಸುಮ್ಮನೆ ಮಾತಾಡಿಸುತ್ತಿದ್ದೆವು. ಮಗಳಿಗೆ ಗಂಡು ನೋಡುತ್ತಿರುವುದು, ಸೈಟಿನ ಜಗಳ, ಯಾವ ಹೋಟೆಲಿನ ಖಾಲಿದೋಸೆ ಮೆತ್ತಗೆ. ನನಗೆ ಊರಿನ ಅರ್ಧ ವಿಷಯ ಗೊತ್ತಾದದ್ದು ಹಾಗೆ.

ನಮ್ಮಿಂದ ಎಡವಟ್ಟೂ ಆಗುತ್ತಿತ್ತು. ಮನೆಗೆ ಹೋಗುವವರಿಗೆ ಏನು ಮಾಡಬಾರದು ಎಂಬ ಹಾಳೆಯೊಂದನ್ನು ಕೊಡುತ್ತಿದ್ದೆವು. ಅದು ಯಾವುದೋ ದೇಶದ ಹಾಳೆಯಿಂದ ಕನ್ನಡಕ್ಕೆ ಇಳಿಸಿದ್ದು. ಹುಲ್ಲು ಕತ್ತರಿಸುವ ಯಂತ್ರ ತಳ್ಳಬಾರದು, ಹಿಮ ಎತ್ತಿಹಾಕಬಾರದು ಎಂದಿತ್ತು. ಜಯನಗರದಲ್ಲಿ ಯಾರು ಹಿಮ ಎತ್ತುತ್ತಾರೆ? ನಿವೃತ್ತ ಮೇಷ್ಟ್ರೊಬ್ಬರು ಅದನ್ನು ಪೂರ್ತಿ ಓದಿ, ಮಡಿಸಿ ಜೇಬಿಗಿಟ್ಟುಕೊಂಡು, ಮನೆಗೆ ಹೊರಟವರು, ಆಸ್ಪತ್ರೆಯ ಮುಂಬಾಗಿಲ ಗಣಪತಿಗೆ ಸಾಷ್ಟಾಂಗ ನಮಸ್ಕಾರ ಹಾಕಿಬಿಟ್ಟರು. ಎರಡೂ ಕೈ ಚಾಚಿ, ಎದೆ ನೆಲಕ್ಕೊತ್ತಿ. ಅವರ ಹೆಂಡತಿ ಪಕ್ಕದಲ್ಲೇ ಭಕ್ತಿಯಿಂದ ಕೈಮುಗಿದು ನಿಂತಿದ್ದರು. ದೊಡ್ಡ ಡಾಕ್ಟರು ಮೆಟ್ಟಿಲ ಮೇಲಿಂದ ಕೂಗಿದ ಕೂಗಿಗೆ ಹೊರಗಿನ ಆಟೋದವರೂ ತಿರುಗಿ ನೋಡಿದರು.

“ಮೇಷ್ಟ್ರೇ! ಯಾರ್ರೀ ಇದನ್ನ ಮಾಡಕ್ಕೆ ಹೇಳಿದ್ದು ನಿಮಗೆ?”

ಮೇಷ್ಟ್ರು ಬಿದ್ದಲ್ಲಿಂದಲೇ, “ಹಾಳೇಲಿ ಬೇಡ ಅಂತ ಇರ್ಲಿಲ್ಲ ಡಾಕ್ಟ್ರೇ” ಎಂದರು.

ಪುಣ್ಯಕ್ಕೆ ಏನೂ ಆಗಿರಲಿಲ್ಲ. ನಾಲ್ಕು ಜನ ಸೇರಿ ಅವರನ್ನು ಮರದ ಹಲಗೆ ಎತ್ತಿದ ಹಾಗೆ ಎತ್ತಿದೆವು. ಅಂದೇ ಪದ್ಮಿನಿ ಮೇಡಂ ಹಿಮವನ್ನೂ ಹುಲ್ಲನ್ನೂ ಹೊಡೆದುಹಾಕಿ, “ದೇವರಿಗೆ ನಿಂತೇ ಕೈಮುಗಿಯಿರಿ” ಎಂದು ಬರೆಸಿದರು. ಆಮೇಲೆ ಬಿಂದಿಗೆ, ಒದ್ದೆ ಬಟ್ಟೆ ಹಿಂಡುವುದು, ಗ್ಯಾಸ್ ಸಿಲಿಂಡರ್ ಎಲ್ಲ ಒಂದೊಂದಾಗಿ ಸೇರಿದವು. ಮುದ್ದೆಯನ್ನು ಸೇರಿಸಿದ್ದು ಮಾತ್ರ ದೊಡ್ಡ ಡಾಕ್ಟರೇ. ಸಾರಕ್ಕಿಯ ಹೆಂಗಸೊಬ್ಬರು, “ಅಡಿಗೆ ಮಾಡ್ಬೋದಾ?” ಎಂದು ಕೇಳಿದರು. ನಾನು ಮಾಡಬಹುದು ಎನ್ನುವುದಕ್ಕೆ ಬಾಯಿ ತೆರೆದಿದ್ದೆ. ಡಾಕ್ಟರು ಮಂಡ್ಯದ ಕಡೆಯವರು. “ಏನಡಿಗೆ?” ಎಂದು ತಡೆದರು. “ಹಿಟ್ಟು ಸಾ” ಎಂದರು ಆಕೆ, ಹಿಟ್ಟೆಂದರೆ ಮುದ್ದೆ. “ಮುದ್ದೆ ತೊಳಸಂಗಿಲ್ಲ. ಮೂಳೆ ಕೂಡೋಗಂಟ ಮಗ ತೊಳಸ್ಲಿ.” ಪಕ್ಕದಲ್ಲಿ ನಿಂತಿದ್ದ ಮಗ ಮುಖ ಸಪ್ಪಗೆ ಮಾಡಿಕೊಂಡ. ಮುಂದಿನ ಸಲ ಬಂದಾಗ ಆಕೆ ನಗುತ್ತ, “ಗಂಟುಗಂಟು ಮುದ್ದೆ ತಿಂದು ಎದೆ ವಾಸಿ ಆಯ್ತು, ಹೊಟ್ಟೆ ಕೆಡ್ತು” ಎಂದರು.

ತೊಂಬತ್ತರ ದಶಕದ ಕೊನೆಗೆ ಟ್ರೆಡ್‌ಮಿಲ್ ಬಂತು. ಉದ್ಘಾಟನೆಗೆ ಪೂಜೆ ಮಾಡಿ, ಕುಂಕುಮ ಇಟ್ಟು, ಗಾಡಿಯ ಚಕ್ರಕ್ಕೆ ಇಡುವ ನಿಂಬೆಹಣ್ಣನ್ನು ಇಲ್ಲಿ ಎಲ್ಲಿಡುವುದೆಂದು ಚರ್ಚೆಯಾಯಿತು. ನಡೆಯುವ ಪಟ್ಟಿಯ ಮೇಲೇ ಇಟ್ಟರು, ಸ್ವಿಚ್ ಒತ್ತಿದಾಗ ಅದು ಹಾರಿ ಆಡಳಿತಾಧಿಕಾರಿಗಳ ಕಾಲಿಗೆ ಬಡಿಯಿತು. ಪಂಚೆ ಉಟ್ಟು ಬಂದವರಿಗೆ ಕಚ್ಚೆ ಹಾಕಿಕೊಳ್ಳಲು ಒಂದು ಮರೆ ಮಾಡಿಕೊಟ್ಟೆವು. ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ಹಾಕಿಕೊಳ್ಳಲು ಹೆಂಗಸರನ್ನು ಒಪ್ಪಿಸುವುದು ಅದಕ್ಕಿಂತ ದೊಡ್ಡ ಕೆಲಸವಾಯಿತು. ಎದೆಗೆ ಅಂಟಿಸುವ ತಂತಿ ಬಂತು, ಪರದೆಯ ಮೇಲೆ ಗೆರೆ ಬಂತು. ಕೆಲಸ ಸುಲಭವಾಯಿತು. ಆದರೆ ಕೋಣೆ ನಿಶ್ಶಬ್ದವಾಯಿತು. ಎಲ್ಲರೂ ಗೆರೆ ನೋಡುತ್ತಿದ್ದರು, ರೋಗಿಯೂ ಸಹ. ಪದ್ಮಿನಿ ಮೇಡಂ ಪರದೆ ರೋಗಿಗೆ ಕಾಣದಂತೆ ಅಡ್ಡ ನಿಂತು, “ಗೆರೆ ನಾನು ನೋಡ್ಕೋತೀನಿ, ನೀವು ಮಾತಾಡಿ” ಎನ್ನುತ್ತಿದ್ದರು.

ಇಂಥ ಮೇಡಂ ಕೈಯಲ್ಲೂ ಮಾತಾಡದ ಒಬ್ಬರೇ ಒಬ್ಬ ರೋಗಿ ನಮ್ಮ ಯಜಮಾನರು.

ಅವರು ನೀರಿನ ಇಲಾಖೆಯಲ್ಲಿ ಡ್ರಾಫ್ಟ್ಸ್‌ಮನ್. ನೆಲದಡಿಯ ಪೈಪುಗಳ ನಕ್ಷೆ ಬರೆಯುವುದು ಅವರ ಕೆಲಸ. ಸ್ವಭಾವತಃ ಮಾತು ಕಡಿಮೆ. ಕೆಟ್ಟವರಲ್ಲ, ಕೋಪಿಷ್ಠರಲ್ಲ. ನಾನು ಹೇಳಿದ್ದಕ್ಕೆಲ್ಲ “ಹೂಂ” ಎನ್ನುತ್ತಿದ್ದರು, ಸಾರಿಗೆ ಉಪ್ಪು ಕಡಿಮೆಯಾದರೆ ಉಪ್ಪಿನ ಡಬ್ಬಿಯ ಕಡೆ ನೋಡುತ್ತಿದ್ದರು. ನಮಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆಯೂ ನಾವು ಕೂತು ಮಾತಾಡಿದ್ದಿಲ್ಲ. ಇಡೀ ದಿನ ಆಸ್ಪತ್ರೆಯಲ್ಲಿ ಜನರನ್ನು ಮಾತಾಡಿಸಿ ಮನೆಗೆ ಬಂದರೆ ನನಗೂ ಆ ಮೌನ ಹಿತವಾಗಿಯೇ ಇರುತ್ತಿತ್ತು. ಹಾಗೆಂದು ಅಂದುಕೊಂಡಿದ್ದೆ.

ಎರಡು ಸಾವಿರ ಇಸವಿ ದಾಟಿದ ಮೇಲೆ, ಅವರ ನಿವೃತ್ತಿಗೆ ಇನ್ನೂ ಸ್ವಲ್ಪ ಕಾಲ ಇರುವಾಗ, ಆಫೀಸಿನಲ್ಲೇ ಎದೆನೋವು ಬಂತು. ನಮ್ಮ ಆಸ್ಪತ್ರೆಗೇ ಬಂದರು, ನಮ್ಮ ಡಾಕ್ಟರೇ ಬೈಪಾಸ್ ಮಾಡಿದರು. “ನಿಮ್ಮ ಮನೆಯವರನ್ನ ನೀವು ಮುಟ್ಟಂಗಿಲ್ಲ ಲಲಿತಾ, ನಾನು ನೋಡ್ಕೋತೀನಿ” ಎಂದು ಪದ್ಮಿನಿ ಮೇಡಂ ನನ್ನನ್ನು ದೂರ ಇಟ್ಟರು. ನಾನು ಕಾರಿಡಾರಿನ ಕೊನೆಯಲ್ಲಿ ನಿಂತು ನೋಡುತ್ತಿದ್ದೆ. ಮೇಡಂ ಅವರ ಪಕ್ಕ ನಡೆಯುತ್ತ, “ಮಾತಾಡಿ ಸಾರ್” ಎಂದರು. ಯಜಮಾನರು ತಲೆಯಾಡಿಸಿದರು. “ತಲೆ ಅಲ್ಲಾಡಿಸೋದು ಮಾತಲ್ಲ ಸಾರ್. ಬೆಳಿಗ್ಗೆ ಏನು ತಿಂಡಿ ತಿಂದ್ರಿ?” “ಇಡ್ಲಿ.” “ಹೇಗಿತ್ತು?” “ಇತ್ತು.”

ಮೇಡಂ ನನ್ನ ಕಡೆ ತಿರುಗಿ, “ಇವರ ಜೊತೆ ಇಷ್ಟು ವರ್ಷ ಹೇಗ್ರೀ ಸಂಸಾರ ಮಾಡಿದ್ರಿ?” ಎಂದರು. ಅಲ್ಲಿದ್ದವರೆಲ್ಲ ನಕ್ಕರು. ಯಜಮಾನರೂ ನಕ್ಕರು, ಎದೆಗೆ ದಿಂಬು ಒತ್ತಿಕೊಂಡು.

ಆಸ್ಪತ್ರೆಯಲ್ಲಿ ಹೇಳಿದಷ್ಟು ನಡೆದರು. ಮನೆಗೆ ಬಂದ ಮೇಲೆ ನಿಂತರು. ಗೇಟಿನ ಒಳಗೆ, ತುಳಸಿಕಟ್ಟೆಯ ಪಕ್ಕ ಬೆತ್ತದ ಕುರ್ಚಿ ಹಾಕಿಕೊಂಡು ಎದೆಯ ಮೇಲೆ ಕೈಯಿಟ್ಟುಕೊಂಡು ಕೂರುತ್ತಿದ್ದರು. ಸ್ನಾನಕ್ಕೆ ಏಳುವರು, ಊಟಕ್ಕೆ ಏಳುವರು, ಮತ್ತೆ ಕುರ್ಚಿ. ಗೇಟು ದಾಟೋಣ ಎಂದರೆ “ನಾಳೆ” ಎನ್ನುವರು. ಬಲವಂತ ಮಾಡಿದರೆ ಚಪ್ಪಲಿ ಮೆಟ್ಟಿ ಗೇಟಿನವರೆಗೆ ಬಂದು, ಚಿಲಕದ ಮೇಲೆ ಕೈಯಿಟ್ಟು, ಬೆವರುವರು. ಡಾಕ್ಟರಿಗೆ ತೋರಿಸಿದೆ. “ಹಾರ್ಟ್ ಚೆನ್ನಾಗಿದೆ ಲಲಿತಮ್ಮ. ಆದ್ರೆ ಹೀಗೇ ಕೂತ್ರೆ ಚೆನ್ನಾಗಿರಲ್ಲ. ನಡೆಸಿ” ಎಂದರು. ನಾನೇ ಇಡೀ ಊರಿಗೆ ಆ ಮಾತು ಹೇಳಿದವಳು. ಇನ್ನು ಸ್ವಲ್ಪ ದಿನ ಹೀಗಾದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಕಾಲು ಸೋಲುತ್ತದೆ, ಆಮೇಲೆ ಮನಸ್ಸು, ಆಮೇಲೆ ಅಷ್ಟು ಕಷ್ಟಪಟ್ಟು ಸರಿಮಾಡಿದ ಹೃದಯವೂ. ಕುರ್ಚಿಯಲ್ಲೇ ಮುಗಿದುಹೋದವರನ್ನು ನಾನು ನೋಡಿದ್ದೆ.

ಕೂಗಾಡಿದೆ, ಗೋಗರೆದೆ. ಎದುರು ಮನೆಯವರು, “ಏನ್ರೀ ವಾಕಿಂಗ್ ಸಿಸ್ಟರ್, ನಿಮ್ಮನೇವ್ರೇ ವಾಕಿಂಗ್ ಮಾಡಲ್ವಂತೆ?” ಎಂದು ಕಾಂಪೌಂಡಿನಾಚೆಯಿಂದ ಚುಡಾಯಿಸಿದರು. ಕೊನೆಗೊಂದು ಭಾನುವಾರ ಸಂಜೆ, ಹುರುಳಿಕಾಯಿ ಬಿಡಿಸುತ್ತ ಅವರ ಪಕ್ಕ ಕೂತಿದ್ದಾಗ, ಸಿಟ್ಟೂ ಇಲ್ಲದೆ ಉಪಾಯವೂ ಇಲ್ಲದೆ ಕೇಳಿದೆ.

“ಅಲ್ಲಾ ರೀ, ಒಳಗೆ ಏನಾಗಿದೆ ಅಂದ್ಕೊಂಡಿದೀರಿ ನೀವು?”

ಅವರು ನನ್ನ ಮೊರದಿಂದ ಎರಡು ಹುರುಳಿಕಾಯಿ ತೆಗೆದು, ಕುರ್ಚಿಯ ಕೈಮೇಲೆ ತುದಿಗೆ ತುದಿ ತಾಗಿಸಿ ಇಟ್ಟರು.

“ಕಾಲಿನ ರಕ್ತನಾಳ ಕಿತ್ತು ಇಲ್ಲಿ ಲೈನ್ ಹಾಕಿದಾರೆ. ಬೇರೆ ಸೈಜು, ಬೇರೆ ಕಡೆದು. ಇಲ್ಲೊಂದು ಜಾಯಿಂಟು, ಇಲ್ಲೊಂದು. ಹೊಸ ಜಾಯಿಂಟ್‌ಗೆ ಪ್ರೆಷರ್ ಬಿಡಬಾರದು ಲಲಿತಾ. ನಾನು ನೋಡಿದೀನಿ. ನೀರು ಬಿಟ್ಟ ದಿನಾನೇ ಕಿತ್ಕೊಂಡು ರಸ್ತೆ ತುಂಬಾ ಹರೀತದೆ.”

ಮದುವೆಯಾದ ಮೇಲೆ ಅವರು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಹೃದಯದ ಬಗ್ಗೆ ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಲು ಹೊರಟೆ. ಆದರೆ ಅವರ ಕಣ್ಣು ಹುರುಳಿಕಾಯಿಯ ಮೇಲಿತ್ತು. ಅದಕ್ಕೆ ಅವರ ದಾರಿಯಲ್ಲೇ ಹೋದೆ.

“ಹಾಗಾದ್ರೆ ಹೊಸ ಲೈನ್ ಹಾಕಿದ್ಮೇಲೆ ನಿಮ್ಮ ಇಲಾಖೇಲಿ ಏನ್ ಮಾಡ್ತಾರೆ? ನೀರೇ ಬಿಡಲ್ವಾ?”

“ಬಿಡ್ತಾರೆ. ವಾಲ್ವ್‌ಮನ್ ಬಂದು ಮೆಲ್ಲಗೆ ತಿರುಗಿಸ್ತಾನೆ. ಇವತ್ತು ಸ್ವಲ್ಪ, ನಾಳೆ ಸ್ವಲ್ಪ. ಒಂದೇ ಸಲ ಬಿಟ್ರೆ ಪೈಪು ಅದುರುತ್ತೆ.”

“ತಿರುಗಿಸದೇ ಹಾಗೇ ಬಿಟ್ಬಿಟ್ರೆ?”

“ಹಾಗೆ ಬಿಟ್ರೆ ವಾಲ್ವ್ ತುಕ್ಕು ಹಿಡೀತದೆ. ಆಮೇಲೆ ಯಾರು ಬಂದ್ರೂ ತಿರುಗಲ್ಲ.”

ಹೇಳಿ ಮುಗಿಸಿದವರು ನನ್ನ ಮುಖ ನೋಡಿದರು. ನಾನು ಹುರುಳಿಕಾಯಿ ಬಿಡಿಸುತ್ತಲೇ ಇದ್ದೆ. ಅವರೇ, “ಎಷ್ಟು ದೂರ?” ಎಂದರು.

“ಪಕ್ಕದ ಮನೆ ಗೇಟಿನ ತನಕ. ವಾಲ್ವ್ ಒಂದು ಸುತ್ತು.”

ಆ ಸಂಜೆ ಗೇಟು ದಾಟಿದರು. ನನ್ನ ಕೈ ಹಿಡಿದಿದ್ದರು. ಎದುರು ಮನೆಯವರು ನೋಡುತ್ತಿದ್ದರು. ಅಂದಿನಿಂದ ನಮ್ಮ ಮನೆಯಲ್ಲಿ ವಾಕಿಂಗ್ ಎಂಬ ಮಾತೇ ಹೋಯಿತು. “ಏಳಿ, ವಾಲ್ವ್ ತಿರುಗಿಸೋಣ” ಎನ್ನುತ್ತಿದ್ದೆ.

ರಜೆ ಮುಗಿಸಿ ಆಸ್ಪತ್ರೆಗೆ ಮರಳಿದ ಮೇಲೆ ಆ ಪ್ರಶ್ನೆಯನ್ನು ಎಲ್ಲರಿಗೂ ಕೇಳತೊಡಗಿದೆ. ಒಳಗೆ ಏನಾಗಿದೆ ಅಂದುಕೊಂಡಿದ್ದೀರಿ? ಹೊಸಬರಿಗೆ ನಾನು ಕೊಡಬಹುದಾದದ್ದು ಏನಾದರೂ ಇದ್ದರೆ ಇದೊಂದೇ. ಎದೆ ತೆರೆದಾಗ ಒಳಗಿನ ಗಾಳಿ ಹೊರಟುಹೋಗಿದೆ ಎಂದುಕೊಂಡಿದ್ದವರಿದ್ದರು. ತಂತಿ ಇರುವುದರಿಂದ ಗುಡುಗು ಸಿಡಿಲಿನಲ್ಲಿ ಹೊರಗೆ ಹೋಗಬಾರದೆಂದು ಇಡೀ ಮಳೆಗಾಲ ಮನೆಯಲ್ಲಿ ಕೂತ ತಲಘಟ್ಟಪುರದ ಅಜ್ಜ ಒಬ್ಬರಿದ್ದರು. ಬಿಟಿಎಂನಲ್ಲಿ ಬಾಡಿಗೆಗಿದ್ದ, ಧಾರವಾಡದ ಕಡೆಯ ಆಟೋ ಚಾಲಕನೊಬ್ಬನನ್ನು ಕೇಳಿದಾಗ, “ಏನೈತ್ರೀ ಅಕ್ಕಾರ, ಎಂಜಿನ್ ಬಿಚ್ಚಿ ಬೋರ್ ಮಾಡ್ಸೇವಿ. ಒಂದಷ್ಟ್ ದಿನ ಲೋಡ್ ಹಾಕಬಾರದು, ಹಂಗಂತ ಶೆಡ್ಡಿನಾಗ ನಿಲ್ಲಿಸ್ಲೂ ಬಾರದು” ಎಂದ. ಅವನಿಗೆ ನಾನು ಹೇಳಿಕೊಡುವುದು ಏನೂ ಉಳಿದಿರಲಿಲ್ಲ. ಪದ್ಮಿನಿ ಮೇಡಂ ನಿವೃತ್ತರಾಗುವ ಮುನ್ನ ಆ ಪ್ರಶ್ನೆಯನ್ನು ವಿಭಾಗದ ಮೊದಲ ದಿನದ ಮಾತುಗಳಲ್ಲಿ ಸೇರಿಸಿದರು. ನನಗೆ ಅದು ಸಂತೋಷವೇ.

ಮನೆಯಲ್ಲಿ ನಡಿಗೆ ಉದ್ದವಾಯಿತು. ಪಕ್ಕದ ಗೇಟಿನಿಂದ ರಸ್ತೆಯ ತಿರುವು, ಅಲ್ಲಿಂದ ಯಡಿಯೂರು ಕೆರೆ. ಕೆರೆಯ ಸುತ್ತ ನಡೆಯಲು ದಾರಿ ಮಾಡಿದ್ದರು. ಆದರೆ ಜೋರಾಗಿ ನಡೆಯತೊಡಗಿದಾಗ ನನಗೊಂದು ಕಷ್ಟ ಎದುರಾಯಿತು. ಮಾತಾಡದ ಮನುಷ್ಯನಿಗೆ ಉಸಿರು ಎಷ್ಟಿದೆ ಎಂದು ತಿಳಿಯುವುದು ಹೇಗೆ? ಮೊದಲ ದಿನವೇ ಹೇಳಿದೆ: “ಪದ್ಮಿನಿ ಮೇಡಂ ರೂಲ್ ಗೊತ್ತಲ್ಲ? ಮಾತಾಡ್ಬೇಕು. ನೀವು ಸುಮ್ಮನಿದ್ರೆ ಸುಸ್ತಾಗಿದೆ ಅಂತ ಬೆಂಚ್ ಮೇಲೆ ಕೂರಿಸ್ತೀನಿ.”

“ಏನ್ ಮಾತಾಡ್ಲಿ?”

“ಏನಾದ್ರೂ.”

ಅವರು ಸ್ವಲ್ಪ ದೂರ ನಡೆದು, ನೆಲ ನೋಡುತ್ತ, “ಇದರ ಕೆಳಗೆ ದೊಡ್ಡ ಲೈನ್ ಹೋಗುತ್ತೆ” ಎಂದರು. “ಹೂಂ?” ಎಂದೆ. ಈ ಸಲ ಹೂಂಗುಟ್ಟುವ ಸರದಿ ನನ್ನದಾಗಿತ್ತು.

ಹಾಗೆ ಶುರುವಾಯಿತು. ನನಗೆ ನೆಲದ ಮೇಲಿನ ಜಯನಗರ ಗೊತ್ತಿತ್ತು, ಅವರಿಗೆ ಕೆಳಗಿನದು. ಯಾವ ರಸ್ತೆಯ ಕೆಳಗೆ ಹಳೆಯ ಕಲ್ಲುಚರಂಡಿ ಇದೆ, ಯಾವ ಬೀದಿಗೆ ಬೆಳಿಗ್ಗೆ ನೀರು ಬಂದರೆ ಯಾವ ಬೀದಿಗೆ ಸಂಜೆ, ಯಾವ ದೊಡ್ಡ ಮನುಷ್ಯರ ಮನೆಗೆ ನಕ್ಷೆಯಲ್ಲಿಲ್ಲದ ಲೈನ್ ಹೋಗಿದೆ. ಕೆಲವು ಹೇಳಿ, “ಯಾರಿಗೂ ಹೇಳ್ಬೇಡ” ಎನ್ನುತ್ತಿದ್ದರು. ಕೆರೆಯ ಆಚೆಯ ಒಂದು ತಿರುವಿನಲ್ಲಿ ಪ್ರತಿದಿನ ನಿಂತು ಒಂದೇ ಮಾತು.

“ಇಲ್ಲೊಂದು ಭಾರಿ ಮರ ಇತ್ತು. ಲೈನ್ ನೇರ ತಗೊಂಡ್ರೆ ಬೇರು ಕಡೀಬೇಕು. ನಾನು ಬಗ್ಗಿಸಿ ಬರೆದೆ. ಸಾಹೇಬ್ರು, ‘ಏನಯ್ಯಾ, ಪೈಪು ಮರಕ್ಕೆ ಪ್ರದಕ್ಷಿಣೆ ಹಾಕುತ್ತಾ?’ ಅಂತ ಬೈದ್ರು. ಆದ್ರೂ ಸೈನ್ ಹಾಕಿದ್ರು.”

“ಮರ ಎಲ್ಲಿ?”

“ಒಂದು ಗಾಳಿಗೆ ಬಿತ್ತು. ಹೋಯ್ತು.” ಹೇಳಿ, ಇಲ್ಲದ ಮರವನ್ನು ಸುತ್ತುಬಳಸಿ ನಡೆಯುತ್ತಿದ್ದರು. ನಾನೂ ಹಾಗೇ ನಡೆಯುತ್ತಿದ್ದೆ. ನೋಡಿದವರು ನಗುತ್ತಿದ್ದಿರಬಹುದು.

ಪೈಪುಗಳು ಮುಗಿದ ಮೇಲೆ ಬೇರೆ ಮಾತು ಬಂತು. ಅವರ ತಾಯಿಯ ಬಗ್ಗೆ, ಮದುವೆಗೆ ಮೊದಲು ನನ್ನನ್ನು ನೋಡಲು ಬಂದ ದಿನ ಹೆದರಿ ಉಪ್ಪಿಟ್ಟು ತಿನ್ನದೆ ಹೋದದ್ದರ ಬಗ್ಗೆ. ಒಂದು ಬೆಳಿಗ್ಗೆ, ಯಾವ ಪೀಠಿಕೆಯೂ ಇಲ್ಲದೆ, “ಮಕ್ಕಳಾಗಲಿಲ್ಲ ಅಂತ ನಿನಗೆ ಬೇಜಾರಿತ್ತಾ?” ಎಂದು ಕೇಳಿದರು.

“ಇತ್ತು” ಎಂದೆ.

“ನಂಗೂ ಇತ್ತು.”

ಆ ಸುತ್ತು ಪೂರ್ತಿ ಇಬ್ಬರೂ ಮಾತಾಡಲಿಲ್ಲ. ನಾನು ಅವರನ್ನು ಬೆಂಚಿನ ಮೇಲೆ ಕೂರಿಸಲಿಲ್ಲ.

ಆಮೇಲಿನ ವರ್ಷಗಳು ನಮ್ಮ ಸಂಸಾರದ ಒಳ್ಳೆಯ ವರ್ಷಗಳು. ಸಂಕೋಚವಿಲ್ಲದೆ ಬರೆಯುತ್ತಿದ್ದೇನೆ. ನಾನು ನಿವೃತ್ತಳಾದೆ. ಆಸ್ಪತ್ರೆಯವರು ಶಾಲು ಹೊದಿಸಿ, ಮೈಸೂರುಪಾಕು ಕೊಟ್ಟು ಕಳಿಸಿದರು. ಆಗ ಮೆಟ್ರೋ ಕೆಲಸಕ್ಕೆಂದು ನಮ್ಮ ಕಡೆಯ ರಸ್ತೆಗಳಲ್ಲಿ ಮರ ಕಡಿಯುತ್ತಿದ್ದರು, ನೆಲ ಅಗೆಯುತ್ತಿದ್ದರು. ಯಜಮಾನರು ಅಗೆದ ಗುಂಡಿಯ ಅಂಚಿನಲ್ಲಿ ನಿಂತು, ತಾವು ಗೆರೆ ಎಳೆದ ಪೈಪನ್ನು ಮೊದಲ ಸಲ ಕಣ್ಣಾರೆ ಕಂಡು, “ನೋಡು, ಬರೆದ ಕಡೆಯೇ ಇದೆ!” ಎಂದು ಮಗುವಿನ ಹಾಗೆ ಸಂಭ್ರಮಿಸಿದರು.

ಅವರನ್ನು ಕೊಂಡೊಯ್ದದ್ದು ಹೃದಯವಲ್ಲ. ಹೊಟ್ಟೆಯಲ್ಲಿ ಗಂಟು ಕಾಣಿಸಿಕೊಂಡಿತು, ಕಾಣಿಸಿಕೊಳ್ಳುವ ಹೊತ್ತಿಗೆ ತಡವಾಗಿತ್ತು. ಆಪರೇಷನ್ ಬೇಡವೆಂದು ತೀರ್ಮಾನವಾದ ದಿನ ಡಾಕ್ಟರು ಸಮಾಧಾನಕ್ಕೆಂಬಂತೆ, “ಹಾರ್ಟ್ ಮಾತ್ರ ಫಸ್ಟ್ ಕ್ಲಾಸ್ ಇದೆ ಸಾರ್” ಎಂದರು. ಯಜಮಾನರು ನನ್ನ ಕಡೆ ತಿರುಗಿ, “ಕೇಳಿದ್ಯಾ? ಲೈನ್ ಚೆನ್ನಾಗಿದೆಯಂತೆ. ಟ್ಯಾಂಕೇ ಹೋಯ್ತು” ಎಂದರು. ಡಾಕ್ಟರಿಗೆ ಅರ್ಥವಾಗಲಿಲ್ಲ. ನಾವಿಬ್ಬರೂ ನಕ್ಕೆವು. ಲಿಫ್ಟಿನಲ್ಲಿ ಇಳಿಯುವಾಗ ನನಗೆ ಅಳು ಬಂತು.

ಆದರೂ ಕಾಲಿಗೆ ಶಕ್ತಿ ಇದ್ದಷ್ಟು ದಿನ ಕೆರೆಗೆ ಹೋದೆವು. ನಡಿಗೆ ನಿಧಾನವಾಗುತ್ತ ಬಂತು. ಕೊನೆಯ ಸಲ ಹೋದ ಬೆಳಿಗ್ಗೆ, ಅರ್ಧ ದಾರಿಯಲ್ಲಿ, ಅವರು ಏನೋ ಗುನುಗತೊಡಗಿದರು. ನಾನು ಕಿವಿಗೊಟ್ಟೆ. ಅವರ ತಾಯಿ ಮೊಸರು ಕಡೆಯುವಾಗ ಹೇಳುತ್ತಿದ್ದ ಹಾಡಂತೆ. ಅವರು ಹಾಡಿದ್ದನ್ನು ಅದುವರೆಗೆ ನಾನು ಕೇಳಿರಲಿಲ್ಲ. ದನಿ ಸಣ್ಣಗಿತ್ತು, ಶ್ರುತಿ ತಪ್ಪಿರಲಿಲ್ಲ. ಸ್ವಲ್ಪ ಹಾಡಿ ನಿಲ್ಲಿಸಿ, ನನ್ನನ್ನು ನೋಡಿ ಕಣ್ಣು ಕಿರಿದು ಮಾಡಿದರು.

“ಹಾಡು ಬರ್ತಿದೆ ಸಿಸ್ಟರ್. ಸ್ಪೀಡು ಸಾಲದು ಅಂತ ಅರ್ಥ ಅಲ್ವಾ?”

“ಇವತ್ತು ಪರವಾಗಿಲ್ಲ ರೀ” ಎಂದೆ. “ಹಾಡಿ.”

ಮೊದಲೆರಡು ಸಾಲು ಹಾಡಿದರು. ಮುಂದಿನದು ನೆನಪಾಗಲಿಲ್ಲ. ರಾಗವನ್ನಷ್ಟೇ ಎಳೆಯುತ್ತ, ನನ್ನ ತೋಳು ಹಿಡಿದು, ಕೆರೆಯ ಸುತ್ತು ಮುಗಿಸಿದರು.

ಅವರು ಹೋಗಿ ಈಗ ಒಂದು ಮಳೆಗಾಲ ಕಳೆಯಿತು. ತಿಥಿಗಳೆಲ್ಲ ಮುಗಿದ ಮೇಲೆ ಕೆಲವು ದಿನ ನಾನೂ ತುಳಸಿಕಟ್ಟೆಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತೆ. ಗೇಟು ನೋಡುತ್ತಿದ್ದೆ, ಏಳುತ್ತಿರಲಿಲ್ಲ. ಆ ಕುರ್ಚಿಯಿಂದ ಲೋಕ ಹೇಗೆ ಕಾಣುತ್ತದೆಂದು ಆಗ ತಿಳಿಯಿತು. ಎದುರು ಮನೆಯವರು ಒಂದು ಬೆಳಿಗ್ಗೆ ಕಾಂಪೌಂಡಿನಾಚೆಯಿಂದಲೇ, “ಲಲಿತಮ್ಮ, ವಾಲ್ವ್ ತುಕ್ಕು ಹಿಡೀತದೆ ಕಣ್ರೀ” ಎಂದರು. ನಮ್ಮ ಮನೆಯೊಳಗಿನ ಮಾತು ಅವರಿಗೆ ಹೇಗೆ ಗೊತ್ತಾಯಿತೋ. ಯಜಮಾನರೇ ಹೇಳಿರಬೇಕು. ಅಷ್ಟು ಮಾತಾಡುವವರಾಗಿದ್ದರು ಕೊನೆಗೆ.

ಚಪ್ಪಲಿ ಮೆಟ್ಟಿ ಎದ್ದೆ.

ಈಗ ದಿನವೂ ಹೋಗುತ್ತೇನೆ. ಜೊತೆಗೆ ಯಾರೂ ಇಲ್ಲದಿದ್ದರೂ ಉಸಿರು ಎಷ್ಟಿದೆ ಎಂದು ನೋಡಿಕೊಳ್ಳಬೇಕಲ್ಲ. ಅದಕ್ಕೆ ಒಂದೆರಡು ಮಾತು ಗಟ್ಟಿಯಾಗಿಯೇ ಆಡುತ್ತೇನೆ. ಕೆರೆಯಾಚೆಯ ಆ ತಿರುವಿನಲ್ಲಿ ಈಗ ದಾರಿಯನ್ನು ನೇರ ಮಾಡಿ, ಸಿಮೆಂಟು ಹಾಕಿ ನುಣುಪು ಮಾಡಿದ್ದಾರೆ. ಮರವಿತ್ತೆಂದು ಹೇಳುವ ಗುರುತೂ ಇಲ್ಲ. ಕೆಳಗೆ ಪೈಪು ಮಾತ್ರ ಅವರು ಬರೆದ ಹಾಗೆಯೇ ಬಾಗಿ ಹೋಗುತ್ತಿದೆ. ನಾನೂ ಅಲ್ಲಿ ಸುತ್ತಿಕೊಂಡೇ ಹೋಗುತ್ತೇನೆ.